ಮನೆಯ ಪರದೆ ಕೆಲಸ: ಇಲ್ಲಿಯವರೆಗೆ ಆಗಿದ್ದು

ಸಂಕ್ರಾಂತಿ ಕಳೆದ ಮೇಲೆ

ಪೇಂಟ್ ಕೆಲಸ ಮುಗಿಯಿತು. ಹಳೇ ಪರದೆಗಳನ್ನೆಲ್ಲ ಇಳಿಸಿ ಮೂಟೆ ಕಟ್ಟಿದ್ದೇನೆ, ಈಗ ಮನೆ ಬೋಳು ಬೋಳು, ಜೋರಾಗಿ ಮಾತಾಡಿದರೆ ಹಾಲ್ ತಿರುಗಿ ಮಾತಾಡುತ್ತದೆ. ನಮ್ಮದು ಬೆಂಗಳೂರಿನ ವಿಜಯನಗರದ 30×40 ಅಡಿ ಸೈಟಿನ ಮನೆ, ತೊಂಬತ್ತರ ದಶಕದಲ್ಲಿ ಕಟ್ಟಿದ್ದು. ಆ ಕಾಲದ ಕಿಟಕಿ ಹೇಗಿರುತ್ತದೆ ಗೊತ್ತಲ್ಲ, ಮರದ ಚೌಕಟ್ಟು, ಹೊರಗೆ ತೆರೆಯುವ ಗಾಜಿನ ಬಾಗಿಲು, ನಡುವೆ ಗ್ರಿಲ್, ಒಳಗೆ ತೆರೆಯುವ ಸೊಳ್ಳೆ ಮೆಶ್‌ನ ಬಾಗಿಲು. ಈ ಮೆಶ್ ಬಾಗಿಲೇ ಮುಂದೆ ಎಲ್ಲ ತಕರಾರಿಗೂ ಮೂಲ.

"ಇಡೀ ಮನೆಗೆ ಒಂದೇ ಬಟ್ಟೆ ತಗೊಂಡುಬಿಡು, ಚಿಕ್ಕಪೇಟೆಯಲ್ಲಿ ಥಾನ್ (ಇಡೀ ಬಟ್ಟೆ ಸುರುಳಿ) ಲೆಕ್ಕದಲ್ಲಿ ಕಡಿಮೆಗೆ ಕೊಡುತ್ತಾರೆ" ಅಂದರು ಅಮ್ಮ. ದುಡ್ಡಿನ ಲೆಕ್ಕಕ್ಕೆ ಸರಿಯೇ. ಆದರೆ ಅಡುಗೆಮನೆ ಕಿಟಕಿಗೂ ಮಲಗುವ ಕೋಣೆ ಕಿಟಕಿಗೂ ಏನು ಸಂಬಂಧ ಅಲ್ವಾ? ಒಂದಕ್ಕೆ ಎಣ್ಣೆ ಹೊಗೆ, ಇನ್ನೊಂದಕ್ಕೆ ಸಂಜೆ ಬಿಸಿಲು, ಮತ್ತೊಂದಕ್ಕೆ ಪಕ್ಕದ ಮನೆಯವರ ಕಣ್ಣು.

ಹಾಗಾಗಿ ಬಟ್ಟೆ ನೋಡುವ ಮುಂಚೆ ಬಿಸಿಲು ನೋಡುತ್ತಿದ್ದೇನೆ. ಪ್ರತಿ ಕೋಣೆಯಲ್ಲಿ ಬಿಸಿಲು ನೆಲದ ಮೇಲೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯುವುದು, ಅಷ್ಟೇ. ಹಾಲ್ ಪೂರ್ವಕ್ಕೆ, ಎಂಟು ಗಂಟೆಗೆ ಸೋಫಾ ಕಾಲಿನವರೆಗೆ ಬರುತ್ತದೆ, ಹತ್ತೂವರೆಗೆಲ್ಲ ಹಿಂದೆ ಸರಿದಿರುತ್ತದೆ. ನಾನು ಕೂತು ಕೆಲಸ ಮಾಡುವ ಕೋಣೆ ದಕ್ಷಿಣಕ್ಕೆ. ಅಲ್ಲಿ ಎರಡು ಅಡಿ ಸಜ್ಜಾ ಇದೆ, ಆದರೂ ಈಗ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನಡುಹಗಲಲ್ಲೂ ಕಿಟಕಿಯ ಕೆಳಗಿನ ಒಂದಡಿಯಷ್ಟು ಬಿಸಿಲು ಒಳಗೆ ನುಗ್ಗಿ ಸೀದಾ ಮೇಜಿನ ಮೇಲೆ ಬೀಳುತ್ತದೆ. ಅಮ್ಮ ಮಲಗುವ ಕೋಣೆ ಪಶ್ಚಿಮಕ್ಕೆ, ಅಲ್ಲಿ ಸಜ್ಜಾ ಇದ್ದೂ ಇಲ್ಲದ ಹಾಗೆ. ನಾಲ್ಕು ಗಂಟೆಯ ಸೂರ್ಯ ತಗ್ಗಿಗೆ ಇಳಿದು ಸಜ್ಜಾದ ಕೆಳಗಿನಿಂದಲೇ ಒಳಗೆ ಬರುತ್ತಾನೆ, ಎದುರು ಗೋಡೆ ಹತ್ತುತ್ತಾನೆ. ಅಡುಗೆಮನೆ ಉತ್ತರಕ್ಕೆ, ಗೋಡೆಗೂ ಕಾಂಪೌಂಡಿಗೂ ನಡುವೆ ಬಿಟ್ಟ ಜಾಗ (ಸೆಟ್‌ಬ್ಯಾಕ್) ಮೂರೇ ಅಡಿ, ಕಿಟಕಿ ತೆರೆದರೆ ಪಕ್ಕದ ಮನೆಯ ಒಗ್ಗರಣೆ ನಮ್ಮ ಸಾರಿಗೇ ಬೀಳುವಂತಿದೆ.

ಶಿವರಾತ್ರಿ

ಚಳಿ ಶಿವ ಶಿವಾ ಅಂತ ಹೋಯಿತು, ಅಮ್ಮನ ಕೋಣೆ ಸಂಜೆ ಏಳಾದರೂ ಬಿಸಿ ಆರುತ್ತಿಲ್ಲ. ಈ ವಾರ ಅಳತೆ.

ಹಾಲ್ ಕಿಟಕಿ ಐದಡಿ ಅಗಲ, ನಾಲ್ಕಡಿ ಎತ್ತರ. ರಾಡ್ ಎರಡೂ ಕಡೆ ಆರಾರು ಇಂಚು ಹೊರಗೆ ಬರಬೇಕು, ಆಗಲೇ ಪರದೆ ಸರಿಸಿದಾಗ ಗಾಜು ಪೂರ್ತಿ ಖಾಲಿ ಸಿಗುವುದು. ಅಲ್ಲಿಗೆ ರಾಡ್ 72 ಇಂಚು. ನೆರಿಗೆ ಚೆನ್ನಾಗಿ ಬೀಳಬೇಕಾದರೆ ಬಟ್ಟೆ ಅದರ ಎರಡರಷ್ಟು, ಅಂದರೆ 144 ಇಂಚು. ಥಾನ್‌ನ ಅಗಲ 48 ಇಂಚಿದ್ದರೆ ಸರಿಯಾಗಿ ಮೂರು ಪಟ್ಟಿ, ಒಂದನ್ನು ಉದ್ದಕ್ಕೆ ಸೀಳಿ ಆ ಕಡೆಗೆ ಅರ್ಧ ಈ ಕಡೆಗೆ ಅರ್ಧ ಸೇರಿಸುವುದು. ಉದ್ದ: ಕಿಟಕಿಯ ನಾಲ್ಕಡಿ, ಮೇಲೆ ಆರು ಇಂಚು, ಕೆಳಗೆ ಆರು ಇಂಚು, ಮೇಲೆ ಕೆಳಗೆ ಮಡಿಚಿ ಹೊಲಿಯಲು ಇನ್ನೊಂದು ಅಡಿ. ಒಟ್ಟು ಆರಡಿಯ ಮೂರು ಪಟ್ಟಿ, ಐದೂವರೆ ಮೀಟರ್. ಕಾಟನ್ ಆದರೆ ನೀರಿಗೆ ಹಾಕಿದಾಗ ಕುಗ್ಗುತ್ತದೆ, ಆರು ಮೀಟರ್ ತಂದು, ನೆನೆಸಿ, ಒಣಗಿಸಿ, ಆಮೇಲೇ ಟೈಲರ್‌ಗೆ ಕೊಡಬೇಕು. ಐಲೆಟ್, ಅಂದರೆ ರಾಡ್ ತೂರಿಸುವ ಬಳೆ, ಯಾವಾಗಲೂ ಸಮಸಂಖ್ಯೆಯಲ್ಲಿರಲಿ, ಒಂದೊಂದು ಕಡೆಗೆ ಹನ್ನೆರಡು ಅಂತ ಇಟ್ಟಿದ್ದೇನೆ. ಬೆಸ ಆದರೆ ಪರದೆಯ ಒಂದು ಅಂಚು ಗೋಡೆ ಕಡೆ ತಿರುಗುತ್ತದೆ, ಇನ್ನೊಂದು ಅಂಚು ನಿಮ್ಮ ಕಡೆ ಮುಖ ಮಾಡಿ ಸೊಟ್ಟಗೆ ನಿಲ್ಲುತ್ತದೆ.

ಕಾರ್ಪೆಂಟರ್ ಬಂದು ನೋಡಿ ಹೋದರು. "ಮೇಡಂ, ಕಿಟಕಿ ಮೇಲೆ ಲಿಂಟಲ್ ಇದೆ, ಕಾಂಕ್ರೀಟಿನ ತೊಲೆ. ಸಾದಾ ಡ್ರಿಲ್‌ಗೆ ಬಗ್ಗಲ್ಲ, ಹ್ಯಾಮರ್ ಡ್ರಿಲ್ ತರ್ತೀನಿ" ಅಂದರು. ಒಳಗೆ ಕಂಬಿ ಸಿಕ್ಕಿದರೆ ತೂತನ್ನು ಅರ್ಧ ಇಂಚು ಪಕ್ಕಕ್ಕೆ ಸರಿಸಬೇಕಂತೆ, ಅದಕ್ಕೇ ಅಗಲದ ತಳವಿರುವ ಬ್ರಾಕೆಟ್ ತಗೊಳ್ಳಿ, ತಪ್ಪು ತೂತು ಮುಚ್ಚಿಹೋಗುತ್ತದೆ ಅಂದರು. ಅವರೇ ಹೇಳಿದ ಇನ್ನೊಂದು ವಿಷಯ, ಮೆಶ್ ಬಾಗಿಲು ಒಳಗೆ ತೆರೆಯುವುದರಿಂದ ಚೌಕಟ್ಟಿನೊಳಗೆ ಕೂರುವ ಬ್ಲೈಂಡ್ಸ್ (ಮೇಲೆತ್ತಿ ಇಳಿಸುವ ಪರದೆ) ಯಾವುದೂ ಈ ಮನೆಗೆ ಆಗುವುದಿಲ್ಲ. ನಾನು ಆಸೆಪಟ್ಟು ಇಟ್ಟುಕೊಂಡಿದ್ದ ಮಡಿಕೆ ಮಡಿಕೆಯಾಗಿ ಮೇಲೇರುವ ರೋಮನ್ ಬ್ಲೈಂಡ್ ಚಿತ್ರಗಳೆಲ್ಲ ಅಲ್ಲಿಗೆ ಡಿಲೀಟ್.

ಯುಗಾದಿ ಹತ್ತಿರ

ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋದೆ. ಕಾರ್ ತಗೊಂಡು ಹೋಗುವವರ ಧೈರ್ಯಕ್ಕೆ ನಮಸ್ಕಾರ. ಹಬ್ಬದ ಮುಂಚಿನ ನೂಕುನುಗ್ಗಲು, ಸೀರೆ ಕೊಳ್ಳುವವರ ನಡುವೆ ಪರದೆ ಬಟ್ಟೆ ಕೇಳಿದರೆ ಅಂಗಡಿಯವರು ಮಾಳಿಗೆ ತೋರಿಸುತ್ತಾರೆ. ಬೆಲೆ ವಿಚಾರಿಸುವವರಿಗೆ ಒಂದು ಮಾತು: ಬಟ್ಟೆ ಮೀಟರ್ ಲೆಕ್ಕ, ಹೊಲಿಗೆ ಪೀಸ್ ಲೆಕ್ಕ, ಬ್ಲೈಂಡ್ಸ್ ಚದರಡಿ ಲೆಕ್ಕ. ಮೂರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಕಾದರೆ ಕಿಟಕಿ ಲೆಕ್ಕಕ್ಕೆ ತಂದುಕೊಳ್ಳಬೇಕು. ಬ್ಲೈಂಡ್ಸ್‌ನವರೊಬ್ಬರು ನನ್ನ ಹನ್ನೆರಡು ಚದರಡಿಯ ಕಿಟಕಿಗೆ ಹದಿನೈದರ ದುಡ್ಡು ಕೇಳಿದರು, "ಮಿನಿಮಮ್ ಬಿಲ್ಲಿಂಗ್ ಮೇಡಂ" ಅಂತೆ. ಇದನ್ನು ಮೊದಲೇ ಕೇಳಿಕೊಳ್ಳಿ.

ಹಾಲ್‌ಗೆ ತಿಳಿ ಕಂದು ಬಣ್ಣದ ದಪ್ಪ ಕೈಮಗ್ಗದ ಕಾಟನ್ ತಂದೆ, ಹಿಂದೆ ಬಿಳಿ ಲೈನಿಂಗ್. ಮುಟ್ಟಿದರೆ ಅಲ್ಲಲ್ಲಿ ಗಂಟು ಗಂಟು ಎಳೆ ಸಿಗುತ್ತದೆ, ಬೆಳಕಿಗೆ ಹಿಡಿದರೆ ಆ ಗಂಟುಗಳು ಗೆರೆಯಾಗಿ ಕಾಣುತ್ತವೆ. ಅದಕ್ಕೆ ಗುಳೇದಗುಡ್ಡ ಖಣದ ಅಂಚು ಕೊಡಿಸೋಣ ಅಂತ ಬಹಳ ಆಸೆ ಇತ್ತು. ಆದರೆ ರೇಷ್ಮೆ ಎಳೆಯ ಬಟ್ಟೆ ದಿನಾ ಬಿಸಿಲು ತಿಂದರೆ ಬೇಗ ಬಣ್ಣ ಬಿಟ್ಟು ಜೀರ್ಣವಾಗುತ್ತದೆ, ಅದೂ ಪೂರ್ವದ ಕಿಟಕಿ. ಕೊನೆಗೆ ಖಣವನ್ನು ಪರದೆ ಕಟ್ಟುವ ಪಟ್ಟಿಗೆ ಮಾತ್ರ ಬಳಸಿದೆವು, ಅದು ಗೋಡೆ ಪಕ್ಕ ನೆರಳಲ್ಲೇ ಇರುತ್ತದೆ. ಪರದೆಗಿಂತ ಪಟ್ಟಿಯನ್ನೇ ಜನ ಜಾಸ್ತಿ ನೋಡುತ್ತಾರೆ, ನನಗಂತೂ ಖುಷಿ.

ಜೊತೆಗೆ ತೆಳು ನೆಟ್ ಬೇಕಾ ಬೇಡವಾ ಅಂತ ಮನೆಯಲ್ಲಿ ಚರ್ಚೆ. ಹಗಲಲ್ಲಿ ಹೊರಗೆ ಬೆಳಕು ಜಾಸ್ತಿ, ಹಾಗಾಗಿ ನೆಟ್ ಹಿಂದೆ ಕೂತವರು ರಸ್ತೆಗೆ ಕಾಣುವುದಿಲ್ಲ. ರಾತ್ರಿ ಒಳಗೆ ಲೈಟ್ ಹಾಕಿದ ಕೂಡಲೇ ಪೂರ್ತಿ ಉಲ್ಟಾ, ಬೀದಿಗೆಲ್ಲ ನಮ್ಮ ಮನೆ ಸೀರಿಯಲ್. ಒಂದರ ಮೇಲೊಂದು ಎಳೆಯಲು ಡಬಲ್ ರಾಡ್ ಹಾಕಿಸಿದ್ದೇವೆ. ಮೆಶ್ ಬಾಗಿಲು ತೆರೆಯುವಾಗ ಎರಡನ್ನೂ ಪಕ್ಕಕ್ಕೆ ತಳ್ಳಬೇಕು, ಸಂಜೆ ಆರಕ್ಕೆ ಸೊಳ್ಳೆ ಬರುವ ಮುಂಚೆ ಅದೊಂದು ಡ್ಯೂಟಿ.

ನನ್ನ ಕೆಲಸದ ಕೋಣೆಗೆ ಮಾತ್ರ ಸುರುಳಿ ಸುತ್ತಿಕೊಳ್ಳುವ ರೋಲರ್ ಬ್ಲೈಂಡ್, ಸಣ್ಣ ಸಣ್ಣ ತೂತಿನ ಸನ್‌ಸ್ಕ್ರೀನ್ ಬಟ್ಟೆಯದ್ದು. ಚೌಕಟ್ಟಿನೊಳಗೆ ಆಗುವುದಿಲ್ಲ ಅಂದೆನಲ್ಲ, ಚೌಕಟ್ಟು ಬಿಟ್ಟು ಕೋಣೆಯ ಒಳಗೋಡೆಗೆ ಕೂರಿಸಿದ್ದು, ಮೆಶ್ ತೆರೆಯಬೇಕಾದರೆ ಪೂರ್ತಿ ಮೇಲೆತ್ತಿದರಾಯಿತು. ಈ ಬಟ್ಟೆಯಲ್ಲಿ ತೂತಿನ ಪಾಲು ಇಷ್ಟು ಅಂತ ನಂಬರ್ ಇರುತ್ತದೆ, 3 ಪರ್ಸೆಂಟ್, 5 ಪರ್ಸೆಂಟ್, ಹೀಗೆ. ನಾನು 5 ಆರಿಸಿದೆ. ಬಣ್ಣದಲ್ಲಿ ಸಣ್ಣ ಮರ್ಮವಿದೆ: ಕಪ್ಪು, ಬೂದು ಬಣ್ಣದ್ದಾದರೆ ಹೊರಗಿನ ಮರ ಸ್ಪಷ್ಟವಾಗಿ ಕಾಣುತ್ತದೆ, ಲ್ಯಾಪ್‌ಟಾಪ್ ಮೇಲೆ ಝಳಪು ಕಡಿಮೆ. ಬಿಳಿಯದ್ದಾದರೆ ಬಿಸಿಲನ್ನು ಜಾಸ್ತಿ ವಾಪಸ್ ಕಳಿಸುತ್ತದೆ, ಆದರೆ ಬಟ್ಟೆಯೇ ಬೆಳಗಿ ಕಣ್ಣಿಗೆ ಚುಚ್ಚುತ್ತದೆ. ದಿನವಿಡೀ ಸ್ಕ್ರೀನ್ ನೋಡುವವಳಿಗೆ ಬೂದು ಸರಿ. ತಂಗಿಯ ಮಗು ಬಂದುಹೋಗುವ ಮನೆ, ಹಾಗಾಗಿ ಬ್ಲೈಂಡ್‌ನ ಚೈನು ಸುಮ್ನೆ ನೇತಾಡುವಂತಿಲ್ಲ. ಕುತ್ತಿಗೆಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಚೈನನ್ನು ಬಿಗಿಯಾಗಿ ಗೋಡೆಗೆ ಹಿಡಿಯುವ ಕ್ಲಿಪ್ ಬರುತ್ತದೆ, ಅದನ್ನು ಸ್ಕ್ರೂ ಹಾಕಿ ಕೂರಿಸಿದ ಮೇಲೇ ಫಿಟ್ಟಿಂಗ್‌ನವರನ್ನು ಕಳಿಸಿದ್ದು.

ಏಪ್ರಿಲ್ ಕೊನೆ

ಈಗ ಅಸಲಿ ಯುದ್ಧ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತ್ತು, 2024ರ ಏಪ್ರಿಲ್‌ನಲ್ಲೂ 38 ದಾಟಿತ್ತು, ಇದು ಹಿಂದಿನ ಫ್ಯಾನ್ ಇಲ್ಲದ ಬೆಂಗಳೂರಲ್ಲ. ಅಮ್ಮನ ಕೋಣೆಗೆ ಎಲ್ಲರೂ ಹೇಳಿದ್ದು ಬ್ಲ್ಯಾಕೌಟ್ ಪರದೆ. ಹಾಕಿದೆವು. ಕತ್ತಲಾಯಿತು, ಬೀದಿಯ ಎಲ್‌ಇಡಿ ದೀಪದ ಕಾಟ ಹೋಯಿತು, ಮಧ್ಯಾಹ್ನದ ನಿದ್ದೆ ಬಂತು. ಸೆಕೆ ಮಾತ್ರ ಇದ್ದಲ್ಲೇ ಇದೆ.

ಯಾಕೆ ಅಂದರೆ ಬಿಸಿಲು ಗಾಜು ದಾಟಿ ಒಳಗೆ ಬಂದಾಗಿದೆ. ಪರದೆ ಅದನ್ನು ತಡೆಯುತ್ತದೆ, ತಡೆದು ತಾನೇ ಕಾಯುತ್ತದೆ, ಆ ಕಾವಿನ ಬಹುಪಾಲು ಕೋಣೆಯೊಳಗೇ ಬಿಡುತ್ತದೆ. ನಾಲ್ಕೂವರೆಗೆ ಪರದೆಯ ಹಿಂದೆ ಕೈ ತೂರಿಸಿ ನೋಡಿ, ಗಾಜಿಗೂ ಬಟ್ಟೆಗೂ ನಡುವಿನ ಗಾಳಿ ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗೆ ಕೈಗೆ ಹೊಡೆಯುತ್ತದೆ. ಪಶ್ಚಿಮದ ಬಿಸಿಲನ್ನು ಗಾಜಿನ ಹೊರಗೇ ನಿಲ್ಲಿಸಬೇಕು, ಒಳಗಿನ ಪರದೆ ಎಷ್ಟೇ ದಪ್ಪ ಇರಲಿ, ಹೊರಗೇ ತಡೆದಷ್ಟು ಸೆಕೆ ಇಳಿಸುವುದಿಲ್ಲ. ನನ್ನನ್ನು ಕೇಳಿದರೆ ಅಂಗಡಿಗಳಲ್ಲಿ ಈ ಒಂದು ವಿಷಯ ಯಾರೂ ಹೇಳುವುದಿಲ್ಲ, ಹೇಳಿದರೆ ದುಬಾರಿ ಬಟ್ಟೆ ಹೋಗುವುದು ಹೇಗೆ!

ಹಾಗಾಗಿ ಬ್ಯಾಂಬೂ ಬಜಾರ್‌ಗೆ ಹೋಗಿ ಬಿದಿರಿನ ಸುರುಳಿ ಪರದೆ ಮಾಡಿಸಿಕೊಂಡು ಬಂದೆ. ಅದನ್ನು ಗೋಡೆಗಲ್ಲ, ಸಜ್ಜಾದ ಹೊರ ಅಂಚಿಗೆ ಕೊಕ್ಕೆ ಹಾಕಿ ತೂಗುಬಿಟ್ಟೆವು. ಗಾಜಿನ ಬಾಗಿಲು ಒಂದೊಂದು ಇಪ್ಪತ್ತು ಇಂಚು, ಸಜ್ಜಾ ಎರಡು ಅಡಿ, ಬಾಗಿಲು ಪೂರ್ತಿ ತೆರೆದರೂ ಬಿದಿರಿಗೆ ತಗಲುವುದಿಲ್ಲ, ಮಧ್ಯೆ ಗಾಳಿಯೂ ಆಡುತ್ತದೆ. ಹಗ್ಗವನ್ನು ಗ್ರಿಲ್ ಸಂದಿಯಿಂದ ಒಳಗೆ ತಂದು ಮಗುವಿಗೆ ಎಟುಕದ ಎತ್ತರದಲ್ಲಿ ಗಂಟು ಹಾಕಿದ್ದೇನೆ. ಮೂರು ಗಂಟೆಗೆ ಇಳಿಬಿಡುವುದು, ಸೂರ್ಯ ಮುಳುಗಿದ ಮೇಲೆ ಸುತ್ತುವುದು. ಮೊದಲ ಸಂಜೆಯೇ ಅಮ್ಮ "ಗೋಡೆ ಮುಟ್ಟಿ ನೋಡು" ಅಂದರು. ಎದುರು ಗೋಡೆ ಬಿಸಿಯಿರಲಿಲ್ಲ.

ಇದೇ ಹೊತ್ತಿಗೆ ಬೆಂಗಳೂರಿನ ಶೂನ್ಯ ನೆರಳಿನ ದಿನವೂ ಬಂತು, ಏಪ್ರಿಲ್ 24ರ ಸುಮಾರಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೇ ಬರುವ ದಿನ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ನಡುಹಗಲ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಅನ್ನುವ ಮಾತು ನಮ್ಮೂರಿಗೆ ಪೂರ್ತಿ ಹೊಂದುವುದಿಲ್ಲ, ಈ ತಿಂಗಳುಗಳಲ್ಲಿ ಬೆಳಗ್ಗೆ ಸಂಜೆ ಓರೆ ಬಿಸಿಲು ಬಂದೇ ಬರುತ್ತದೆ. ನಮ್ಮ ಅಡುಗೆಮನೆಗೆ ಪಕ್ಕದ ಮನೆ ಗೋಡೆಯೇ ಅಡ್ಡ, ಆ ಚಿಂತೆ ಇಲ್ಲ.

ಜೂನ್

ಮಳೆ ಶುರು. ಬಿದಿರು ಒದ್ದೆಯಾಗಿ ಹಾಗೇ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ, ಒಣಗಿಸಿ ಸುತ್ತಿ ಸಜ್ಜಾದ ಕೆಳಗೆ ಬಿಗಿಯಾಗಿ ಕಟ್ಟಿದ್ದೇನೆ. ವಾರ್ನಿಷ್ ಇನ್ನೊಂದು ಕೋಟ್ ದಸರಾ ಮೇಲೆ.

ಅಡುಗೆಮನೆ ಬೇಗ ಮುಗಿಯಿತು. ಒಲೆ ಪಕ್ಕದ ಕಿಟಕಿಗೆ ಬಟ್ಟೆ ಹಾಕಲೇಬಾರದು, ಗಾಳಿಗೆ ಹಾರಿ ಉರಿಗೆ ತಾಗಿದರೆ ಮುಗಿಯಿತು. ಅಲ್ಯೂಮಿನಿಯಂ ಪಟ್ಟಿಯ ಬ್ಲೈಂಡ್ಸ್ ನೋಡಲು ಚೆಂದ, ಎಣ್ಣೆ ಜಿಡ್ಡು ಕೂತ ಮೇಲೆ ಒಂದೊಂದೇ ಪಟ್ಟಿ ಒರೆಸುವವರು ಯಾರು? ಗಾಜಿಗೆ ಫ್ರಾಸ್ಟೆಡ್ ಫಿಲ್ಮ್ (ಮಸುಕು ಹಾಳೆ) ಅಂಟಿಸಿದೆ. ಸಿಂಕ್ ಮೇಲಿನ ಕಿಟಕಿ ಒಲೆಯಿಂದ ದೂರ, ಅದಕ್ಕೆ ಹಳೇ ಬಸವನಗುಡಿ ಮನೆಗಳ ಹಾಗೆ ಸ್ಪ್ರಿಂಗ್ ತಂತಿಗೆ ಪೋಣಿಸಿದ ಅರ್ಧ ಪರದೆ. ಹಳೇ ಪರದೆಯಲ್ಲೇ ಕತ್ತರಿಸಿದ್ದು, ಖರ್ಚು ಬರೀ ತಂತಿಯದ್ದು.

ಬಾಕಿ ಇರುವುದು ಬಾಲ್ಕನಿ ಬಾಗಿಲು. ರೆಡಿಮೇಡ್ ಬಾಗಿಲ ಪರದೆ ಏಳಡಿಯದ್ದು ಸಿಗುತ್ತದೆ, ನಮ್ಮ ರಾಡ್ ಇರುವುದು ಏಳೂಕಾಲು ಅಡಿಗೆ, ತಂದರೆ ಪಂಚೆ ಎತ್ತಿ ಕಟ್ಟಿದ ಹಾಗಿರುತ್ತದೆ. ಹೊಲಿಸುವುದೇ. ನೆಲಕ್ಕಿಂತ ಒಂದಿಂಚು ಮೇಲೆ ನಿಲ್ಲಿಸಿ ಅಂತ ಟೈಲರ್‌ಗೆ ಹೇಳಿದ್ದೇನೆ, ದಿನಾ ನೆಲ ಒರೆಸುವ ಮನೆಯಲ್ಲಿ ನೆಲಕ್ಕೆ ತಾಗುವ ಪರದೆಯ ಅಂಚು ತಿಂಗಳೊಳಗೆ ಕಪ್ಪಾಗುತ್ತದೆ. ಅವರು ಮದುವೆ ಬ್ಲೌಸ್‌ಗಳು ಮುಗಿದ ಮೇಲೆ ಬನ್ನಿ ಅಂದಿದ್ದಾರೆ.