ಅಂಡಮಾನಿಗೆ ಹೊರಟವರು ಮೊದಲು ಸೂರ್ಯಾಸ್ತದ ಹೊತ್ತು ನೋಡಿಕೊಳ್ಳಿ

ಅಂಡಮಾನ್ ಪ್ಯಾಕೇಜ್ ಮಾರುವವರ ಪಟ್ಟಿಯಲ್ಲಿ ಒಂದು ಸಾಲು ತಪ್ಪದೇ ಇರುತ್ತದೆ: ಮಧ್ಯಾಹ್ನದ ಹಡಗಿನಲ್ಲಿ ಹ್ಯಾವ್‌ಲಾಕ್ ದ್ವೀಪ, ಸಂಜೆ ಅಲ್ಲಿನ ರಾಧಾನಗರ ಬೀಚ್‌ನಲ್ಲಿ ಸೂರ್ಯಾಸ್ತ. ಚಿಂತಾಮಣಿಯಲ್ಲಿ ಕೂತು ಓದಿದರೆ ಇದರಲ್ಲಿ ಏನೂ ಕೊರತೆ ಕಾಣುವುದಿಲ್ಲ. ಡಿಸೆಂಬರ್‌ನಲ್ಲೂ ನಮ್ಮ ಕಡೆ ಆರರ ತನಕ ಬೆಳಕಿರುತ್ತದೆ. ಅಲ್ಲಿ ಅದೇ ತಿಂಗಳಲ್ಲಿ ಐದು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಗಡಿಯಾರ ನಮ್ಮದೇ, ಆದರೆ ಆ ದ್ವೀಪಗಳಿರುವುದು ಕೋಲ್ಕತ್ತಕ್ಕಿಂತಲೂ ಪೂರ್ವಕ್ಕೆ. ಚಿಂತಾಮಣಿ 78 ಡಿಗ್ರಿ ರೇಖಾಂಶದಲ್ಲಿದ್ದರೆ ಪೋರ್ಟ್ ಬ್ಲೇರ್ 92 ದಾಟಿದೆ. ಅಂದರೆ ಹತ್ತಿರ ಹತ್ತಿರ ಒಂದು ಗಂಟೆ ಮೊದಲೇ ಅಲ್ಲಿ ಬೆಳಗಾಗುತ್ತದೆ, ಒಂದು ಗಂಟೆ ಮೊದಲೇ ಕತ್ತಲಾಗುತ್ತದೆ.

ನಮ್ಮ ಬೆಂಗಳೂರಿನ ಏಜೆಂಟನಿಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಎರಡು ಗಂಟೆಗೆ ಹೊರಟ ಖಾಸಗಿ ಹಡಗು ಹ್ಯಾವ್‌ಲಾಕ್ ಜೆಟ್ಟಿ ಮುಟ್ಟಿ, ನೂಕುನುಗ್ಗಲಿನಲ್ಲಿ ಲಗೇಜು ಸಿಕ್ಕಿ, ಅವರು ಕಳಿಸುತ್ತೇವೆಂದ ವ್ಯಾನ್ ಬರುವಷ್ಟರಲ್ಲಿ ನಾಲ್ಕೂವರೆ. ಡ್ರೈವರ್ ಮೊದಲು ರೂಮಿಗೆ ಒಯ್ದ. ಜೆಟ್ಟಿಯಿಂದ ರಾಧಾನಗರಕ್ಕೆ ಸುಮಾರು 12 ಕಿಲೋಮೀಟರ್ ಅಂಕುಡೊಂಕು ರಸ್ತೆ. ನಾವು ಹೋದಾಗ ಕಾವಲಿನವರು ಸೀಟಿ ಊದಿ ಜನರನ್ನು ನೀರಿನಿಂದ ಎಬ್ಬಿಸುತ್ತಿದ್ದರು. ಜೀವಮಾನದಲ್ಲಿ ಸಮುದ್ರವನ್ನೇ ನೋಡದ ನಮ್ಮಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಕತ್ತಲಲ್ಲಿ ಅಲೆಯ ಸದ್ದು ಕೇಳಿಕೊಂಡು ನಿಂತಿದ್ದರು. ಫೋನ್ ಮಾಡಿದರೆ ಏಜೆಂಟನ ಉತ್ತರ: "ಬೀಚ್ ತೋರಿಸಿದ್ದೀವಲ್ಲ ಸಾರ್." ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇದನ್ನು ಬರೆಯುತ್ತಿರುವುದೂ ಅದಕ್ಕೇ.

ಹಾಗಾಗಿ ಹ್ಯಾವ್‌ಲಾಕ್‌ಗೆ ಬೆಳಗಿನ ಹಡಗನ್ನೇ ಹಿಡಿಯಿರಿ. ಮಧ್ಯಾಹ್ನದ್ದೇ ಸಿಕ್ಕಿದರೆ ಅವತ್ತಿನ ಬೀಚ್ ಆಸೆ ಬಿಟ್ಟುಬಿಡಿ, ಮರುದಿನ ಮುಂಜಾನೆ ಆರಕ್ಕೆ ನೀವೇ ಆಟೋ ಮಾಡಿಕೊಂಡು ರಾಧಾನಗರಕ್ಕೆ ಹೋಗಿ. ನಾವು ಹಾಗೇ ಮಾಡಿದೆವು. ಅದು ಪಶ್ಚಿಮಕ್ಕೆ ಮುಖ ಮಾಡಿದ ತೀರ. ಬೆನ್ನಿಗೆ ಎತ್ತರದ ಕಾಡು ಇರುವುದರಿಂದ ಬೆಳಿಗ್ಗೆ ಮರಗಳ ನೆರಳು ಮರಳಿನ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ. ನೀರು ನೀಲಿ, ಮರಳು ಹಿಟ್ಟಿನಷ್ಟು ನುಣುಪು, ಜನ ಬೆರಳೆಣಿಕೆಯಷ್ಟು. ಅಮ್ಮ ಮೊಣಕಾಲುದ್ದ ನೀರಲ್ಲಿ ಕೂತವರು ಏಳಲೇ ಇಲ್ಲ. ಸಂಜೆಯ ಜಾತ್ರೆಗಿಂತ ಈ ಹೊತ್ತು ನೂರು ಪಾಲು ಮೇಲು. ಗುಂಪು ಗಲಾಟೆ ನನಗೆ ಸುತರಾಂ ಆಗುವುದಿಲ್ಲ, ನಿಮಗೆ ಆಗುವುದಾದರೆ ಸಂಜೆಯೂ ಹೋಗಿ ಬನ್ನಿ.

ರೂಮಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. "ಸಮುದ್ರಕ್ಕೆ ಮುಖ ಮಾಡಿದ ಕಾಟೇಜ್" ಅಂತ ಒಂದು ರಾತ್ರಿಗೆ ಆರು ಸಾವಿರದ ಮೇಲೆ ಕಿತ್ತರು. ಸಮುದ್ರ ಎದುರಿಗೇ ಇತ್ತು, ಸುಳ್ಳಲ್ಲ. ಆದರೆ ವಿಜಯನಗರ ಬೀಚ್ ಇರುವ ಪೂರ್ವದ ಕಡೆ ನೀರು ಬಲು ಆಳವಿಲ್ಲದ್ದು. ಇಳಿತ ಬಂತೆಂದರೆ ಸಮುದ್ರ ದೂರ ಸರಿದು ಬಂಡೆ, ಸತ್ತ ಹವಳದ ಚೂರು ಮೇಲೇಳುತ್ತವೆ. ಕಾಲಿಟ್ಟರೆ ಕುಯ್ಯುತ್ತದೆ. ನೋಡಲು ಚೆಂದ, ಈಜಲು ಆಗದು. ನಲ್ಲಿಯಲ್ಲಿ ಬರುತ್ತಿದ್ದುದು ಉಪ್ಪುನೀರು, ಸೋಪು ನೊರೆಯೇ ಬರಲಿಲ್ಲ. ಗೋವಿಂದನಗರದ ಬಜಾರಿನ ಒಳಗಡೆ ಅರ್ಧಕ್ಕಿಂತ ಕಡಿಮೆಗೆ ಚೊಕ್ಕಟ ರೂಮುಗಳಿವೆ. ಊಟ, ಔಷಧಿ ಅಂಗಡಿ ಎಲ್ಲ ಕೈಗೆಟುಕುವಷ್ಟು ಹತ್ತಿರ.

ಆ ಬಜಾರಿನಲ್ಲೇ ನಮಗೆ ಸಿಕ್ಕಿದ್ದು ಬಂಗಾಳಿ ದಂಪತಿಯ ತಗಡಿನ ಮಾಡಿನ ಊಟದ ಮನೆ. ಬೋರ್ಡು ಇಲ್ಲ, ನಾಲ್ಕು ಮೇಜು. ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ ಬಹುಪಾಲು ಜನ ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬದವರು, ಅಡುಗೆಯೂ ಅದೇ. ಬೆಳಿಗ್ಗೆಯೇ ಹೋಗಿ "ಮಧ್ಯಾಹ್ನ ಇಷ್ಟು ಜನ" ಅಂತ ಹೇಳಿ ಬರಬೇಕು, ಇಲ್ಲದಿದ್ದರೆ ಮೀನು ಖಾಲಿ. ಆಯಮ್ಮ ಸಾಸಿವೆ, ಹಸಿಮೆಣಸಿನಕಾಯಿ, ಚೂರು ಉಪ್ಪು ಇಟ್ಟುಕೊಂಡು ಕಲ್ಲಿನ ಮೇಲೆ ನಮ್ಮೆದುರೇ ಅರೆದರು. ಅರಿಶಿನ ಸವರಿ ಹುರಿದಿಟ್ಟ ಮೀನಿನ ತುಂಡನ್ನು ಆ ಗೊಜ್ಜಿಗೆ ಹಾಕಿ, ಒಂದು ಕುದಿ ಬಂದೊಡನೆ ಇಳಿಸಿ, ಮೇಲೆ ಹಸಿ ಸಾಸಿವೆ ಎಣ್ಣೆ ಬಿಟ್ಟರು. ಮೂಗಿಗೆ ಅಡರುವ ಆ ಘಾಟು ಮೊದಲ ತುತ್ತಿಗೆ ಕಣ್ಣಲ್ಲಿ ನೀರು ತರಿಸಿತು, ಎರಡನೆಯದಕ್ಕೆ ಇನ್ನಷ್ಟು ಅನ್ನ ಕೇಳಿಸಿತು. ಜೊತೆಗೆ ತೆಳ್ಳನೆಯ ಮಸೂರ್ ಬೇಳೆ, ಗರಿಗರಿ ಆಲೂ, ಟೊಮ್ಯಾಟೊ ಚಟ್ನಿ. ಅನ್ನ, ಬೇಳೆ ಎಷ್ಟು ಸಲ ಕೇಳಿದರೂ ಬಡಿಸುತ್ತಾರೆ, ಒಬ್ಬರಿಗೆ 250 ರೂಪಾಯಿ. ಮೀನು ತಿನ್ನದ ಅಮ್ಮನಿಗೆ ಬದನೆಕಾಯಿಯನ್ನು ಬೇರೆ ಬಾಣಲೆಯಲ್ಲಿ ಹುರಿದುಕೊಟ್ಟು, "ಇದಕ್ಕೆ ಮೀನಿನ ಎಣ್ಣೆ ಮುಟ್ಟಿಸಿಲ್ಲ" ಅಂತ ಹಿಂದಿಯಲ್ಲಿ ಎರಡೆರಡು ಸಲ ಹೇಳಿದರು. ನಮ್ಮ ಕಾಟೇಜಿನ ರೆಸ್ಟೋರೆಂಟಿನಲ್ಲಿ ಇದೇ ಮೀನಿಗೆ 900 ರೂಪಾಯಿ ಬರೆದಿದ್ದರು. ದ್ವೀಪದಲ್ಲಿ ಇರುವಷ್ಟು ಹೊತ್ತೂ ನಾವು ಬೇರೆ ಕಡೆ ಊಟ ಮಾಡಲಿಲ್ಲ.

ನೀಲ್ ದ್ವೀಪವನ್ನು ಅಂಡಮಾನಿನ ತರಕಾರಿ ಕಣಜ ಅನ್ನುತ್ತಾರೆ. ಟೊಮ್ಯಾಟೊ ಮಂಡಿಯ ಊರಿನಿಂದ ಹೋದ ನನಗೆ ರಸ್ತೆಬದಿಯ ತೋಟಗಳನ್ನು ನೋಡುವುದೇ ಒಂದು ಖುಷಿ. ಅಲ್ಲಿನ ಲಕ್ಷ್ಮಣಪುರದಲ್ಲಿ ತಾನಾಗಿಯೇ ರೂಪುಗೊಂಡ ಕಲ್ಲಿನ ಸೇತುವೆಯನ್ನು ಮಾತ್ರ ಇಳಿತದ ಹೊತ್ತಿಗೇ ನೋಡಬೇಕು. ಆಗ ಬಂಡೆಗಳ ನಡುವಿನ ಹೊಂಡಗಳಲ್ಲಿ ಏಡಿ, ಸಮುದ್ರ ಸೌತೆ, ಬಣ್ಣಬಣ್ಣದ ಮರಿಮೀನು ಕಾಣುತ್ತವೆ. ಭರತದಲ್ಲಿ ಹೋದವರಿಗೆ ಬರೀ ನೀರು. ಹಿಂದಿನ ದಿನವೇ ಸ್ಥಳೀಯರನ್ನು ಇಳಿತದ ಸಮಯ ಕೇಳಿಟ್ಟುಕೊಳ್ಳಿ. ಪಾಚಿ ಜಾರುತ್ತದೆ, ವಯಸ್ಸಾದವರನ್ನು ಒಳಗೆ ಕರೆದೊಯ್ಯಬೇಡಿ.

ಖಾಸಗಿ ಹಡಗಿನ ಒಳಗೆ ಬಾಗಿಲು ಮುಚ್ಚಿದ ಏಸಿ, ಹೊರಗೆ ನಿಲ್ಲಲು ಬಿಡಲಿಲ್ಲ. ಅಲೆ ಜೋರಿದ್ದಾಗ ಸುತ್ತಲಿನವರ ವಾಂತಿ ನೋಡಿಯೇ ನಮಗೂ ಹೊಟ್ಟೆ ತೊಳಸಿತು. ಸರ್ಕಾರಿ ಹಡಗು ನಿಧಾನ, ಆದರೆ ಡೆಕ್ ಮೇಲೆ ಗಾಳಿಯಲ್ಲಿ ನಿಲ್ಲಬಹುದು, ದರವೂ ಬಹಳ ಕಡಿಮೆ. ಅದರಲ್ಲಿ ದ್ವೀಪದವರಿಗೆ ಮೊದಲ ಆದ್ಯತೆ, ಅದು ನ್ಯಾಯವೂ ಹೌದು. ಟಿಕೆಟ್‌ಗಳಲ್ಲಿ ಹೊಸ ಹೆಸರುಗಳಿರುತ್ತವೆ, ಗಾಬರಿಯಾಗಬೇಡಿ: ಪೋರ್ಟ್ ಬ್ಲೇರ್ ಈಗ ಶ್ರೀ ವಿಜಯ ಪುರಂ, ಹ್ಯಾವ್‌ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ.

ಪೋರ್ಟ್ ಬ್ಲೇರ್‌ನಲ್ಲಿ ನಮಗೆ ಅನುಕೂಲಕ್ಕೆ ಬಂದದ್ದು ತೆಲುಗು. ಶ್ರೀಕಾಕುಳಂ ಕಡೆಯಿಂದ ಬಂದು ನೆಲೆಸಿದವರು ಅಲ್ಲಿ ಬಹಳ. ನಮ್ಮ ಚಿಂತಾಮಣಿ, ಬಾಗೇಪಲ್ಲಿಯ ತೆಲುಗಿನಲ್ಲೇ ಆಟೋದವನ ಹತ್ತಿರ ಮಾತಾಡಿದ್ದಕ್ಕೆ ಬಾಡಿಗೆ ಚೌಕಾಸಿಯೇ ಬೇಕಾಗಲಿಲ್ಲ. ಸೆಲ್ಯುಲರ್ ಜೈಲು ರಜೆಯ ದಿನ ಮುಚ್ಚಿರುತ್ತದೆ, ಎಷ್ಟೋ ಜನ ಗೇಟಿನಿಂದ ವಾಪಸಾಗುತ್ತಾರೆ. 1906ರಲ್ಲಿ ಮುಗಿದ ಆ ಕಟ್ಟಡದ ಏಳು ಸಾಲುಗಳಲ್ಲಿ ಉಳಿದಿರುವುದು ಮೂರೇ. ಒಂದು ಸಾಲಿನ ಕೋಣೆಗಳ ಮುಂಭಾಗಕ್ಕೆ ಇನ್ನೊಂದು ಸಾಲಿನ ಬೆನ್ನು ಬರುವಂತೆ ಕಟ್ಟಿದ್ದಾರೆ, ಕೈದಿಗಳು ಒಬ್ಬರ ಮುಖ ಒಬ್ಬರು ನೋಡಬಾರದೆಂದು. ಒಂದು ಕೋಣೆಯೊಳಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ, ಫೋಟೊ ಆಮೇಲೆ ತೆಗೆಯಬಹುದು.

ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಗೆ ನಾವು ಹೋಗಲಿಲ್ಲ. ದಾರಿ ಜಾರವಾ ಜನರ ಮೀಸಲು ಕಾಡಿನ ಮೂಲಕ ಹೋಗುತ್ತದೆ, ವಾಹನಗಳನ್ನು ಪೊಲೀಸ್ ಕಾವಲಿನಲ್ಲಿ ಸಾಲಾಗಿ ಬಿಡುತ್ತಾರೆ. "ದಾರಿಯಲ್ಲಿ ಆದಿವಾಸಿಗಳೂ ಕಾಣಬಹುದು" ಅಂತ ಏಜೆಂಟ್ ಆಸೆ ಹುಟ್ಟಿಸಿದ್ದೇ ನನಗೆ ಹೇಸಿಗೆಯಾಯಿತು. ಅವರ ಫೋಟೊ ತೆಗೆಯುವುದು ಅಪರಾಧ. ಮನುಷ್ಯರನ್ನು ನೋಡಲು ಟಿಕೆಟ್ ಕೊಳ್ಳುವ ಮನಸ್ಸಿದ್ದರೆ ದಯವಿಟ್ಟು ಆ ರಸ್ತೆಗೆ ಹೋಗಬೇಡಿ.

ಇನ್ನುಳಿದದ್ದು ಸಣ್ಣಪುಟ್ಟದ್ದು. ದ್ವೀಪಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಫೋನ್‌ಪೇ ನಂಬಿಕೊಂಡು ಹೋಗದೆ ಪೋರ್ಟ್ ಬ್ಲೇರ್‌ನಲ್ಲೇ ನಗದು ತೆಗೆದಿಟ್ಟುಕೊಳ್ಳಿ. ತೀರದಲ್ಲಿ ಬಿದ್ದ ಹವಳ, ಚಿಪ್ಪು ಮಕ್ಕಳ ಜೇಬಿನಲ್ಲಿದ್ದರೂ ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ. ನಮ್ಮ ಕಡೆಯವರು ಬೆಳಗಿನ ವಿಮಾನಕ್ಕೆಂದು ಹಿಂದಿನ ರಾತ್ರಿ ಬೆಂಗಳೂರಿನ ಲಾಡ್ಜಿಗೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ. ಶಿಡ್ಲಘಟ್ಟ, ವಿಜಯಪುರ, ದೇವನಹಳ್ಳಿ ಮೇಲೆ ಕಾರು ಮಾಡಿಕೊಂಡರೆ ಆ ಹೊತ್ತಿನಲ್ಲಿ ರಸ್ತೆ ಖಾಲಿ ಇರುತ್ತದೆ, ಊರಿನಿಂದ ನೇರ ವಿಮಾನ ನಿಲ್ದಾಣ.