ಒಂದು ವರ್ಷದ ಜೈಲು, ಅದರ ಹಿಂದೆ ಗಡೀಪಾರು

ಅಮೆರಿಕದ ಮೆಂಫಿಸ್‌ಗೆ ಹೊಸದಾಗಿ ಬಂದ ಕನ್ನಡದವರಿಗೆ ನಾನು ತಪ್ಪದೆ ಹೇಳುವ ಒಂದು ಕೇಸಿದೆ. ಇದೇ ಊರಲ್ಲಿ ರೆಸ್ಟೋರೆಂಟ್ ನಡೆಸುತ್ತಿದ್ದ ಲೀ ಎಂಬುವನದು. ಹದಿಮೂರನೇ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ದಕ್ಷಿಣ ಕೊರಿಯಾದಿಂದ ಬಂದವನು. ಅಪ್ಪ ಅಮ್ಮ ಮುಂದೆ ಅಮೆರಿಕದ ಪೌರತ್ವ ಪಡೆದರು. ಇವನು ಮಾತ್ರ ಗ್ರೀನ್ ಕಾರ್ಡಿನಲ್ಲೇ ಉಳಿದ. ನಮ್ಮಲ್ಲೂ ಎಷ್ಟೋ ಜನ ಹೀಗೇ ಅಲ್ವಾ?

ಲೀ ಮಾಡಿದ್ದು ತಪ್ಪೇ. ಎಕ್ಸ್ಟಸಿ ಎಂಬ ಮಾದಕ ಮಾತ್ರೆ ಮಾರುತ್ತಿದ್ದ. ಮನೆ ಶೋಧಿಸಿದಾಗ 88 ಮಾತ್ರೆ, 32,432 ಡಾಲರ್ ನಗದು, ಗುಂಡು ತುಂಬಿದ ಒಂದು ರೈಫಲ್ ಸಿಕ್ಕವು. 2009ರಲ್ಲಿ ಫೆಡರಲ್ ಕೋರ್ಟಿನಲ್ಲಿ ಕೇಸು ಬಿತ್ತು. ಅವನಿಗಿದ್ದ ಭಯ ಒಂದೇ: ಗಡೀಪಾರು ಮಾಡ್ತಾರಾ? ವಕೀಲರನ್ನು ಮತ್ತೆ ಮತ್ತೆ ಕೇಳಿದ. ಇಲ್ಲ, ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆಯಾಗುತ್ತದೆ ಎಂದರು ವಕೀಲರು.

ತಪ್ಪೊಪ್ಪಿಗೆಯ ದಿನ ಜಡ್ಜ್ ಕೇಳಿದರು: ಇದರಿಂದ ಗಡೀಪಾರಾಗಬಹುದು, ಅದು ನಿನ್ನ ನಿರ್ಧಾರದ ಮೇಲೆ ಪರಿಣಾಮ ಬೀರುತ್ತದೆಯೇ? ಹೌದು ಎಂದ ಲೀ. ಹೇಗೆ ಎಂದು ಕೇಳಿದರೆ, ಅರ್ಥವಾಗಲಿಲ್ಲ ಎಂದು ವಕೀಲರ ಕಡೆ ತಿರುಗಿದ. ಇದು ಎಲ್ಲರಿಗೂ ಕೊಡುವ ಎಚ್ಚರಿಕೆ ಅಷ್ಟೇ ಎಂದರು ವಕೀಲರು. ಅವನು ತಪ್ಪೊಪ್ಪಿಕೊಂಡ. ಒಂದು ವರ್ಷ, ಒಂದು ದಿನ ಜೈಲಾಯಿತು. ಆ ಅಪರಾಧಕ್ಕೆ ಗಡೀಪಾರು ಕಡ್ಡಾಯ ಎಂದು ಗೊತ್ತಾದದ್ದು ಆಮೇಲೆ. ಆ ಕ್ಷಣ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಕೋರ್ಟಿನಲ್ಲಿ ಜಡ್ಜ್ ಎದುರು ನಿಂತಾಗ ನಮ್ಮ ಪಾಲಿಗೆ ಇರುವುದು ವಕೀಲರೊಬ್ಬರೇ. ಅವರನ್ನು ನಂಬದೆ ಇನ್ಯಾರನ್ನು ನಂಬುವುದು?

ಇಂಥವರಿಗೆ ಇರುವ ದಾರಿ ಫೆಡರಲ್ ಕಾನೂನಿನ 2255ನೇ ಸೆಕ್ಷನ್ ಅರ್ಜಿ. ಇದು ಮೇಲ್ಮನವಿ ಅಲ್ಲ. ಶಿಕ್ಷೆ ಕೊಟ್ಟ ಕೋರ್ಟಿಗೇ ಹೋಗಿ, ಈ ಶಿಕ್ಷೆ ಕಾನೂನುಬದ್ಧವಲ್ಲ, ರದ್ದು ಮಾಡಿ ಎಂದು ಕೇಳುವುದು. ಸಾಮಾನ್ಯವಾಗಿ ತೀರ್ಪು ಅಂತಿಮವಾದ ಒಂದು ವರ್ಷದೊಳಗೆ ಹಾಕಬೇಕು. ಇದಕ್ಕೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕು ಸಾಮಾನ್ಯವಾಗಿ ಇಲ್ಲ. ಎಷ್ಟೋ ಕೈದಿಗಳು ತಾವೇ ಫಾರಂ ತುಂಬಿ ಕಳಿಸುತ್ತಾರೆ.

ಲೀ ಈ ಅರ್ಜಿ ಹಾಕಿ ಕೆಳಗಿನ ಎರಡೂ ಕೋರ್ಟಿನಲ್ಲಿ ಸೋತ. ವಕೀಲರು ತಪ್ಪು ಸಲಹೆ ಕೊಟ್ಟದ್ದನ್ನು ಸರ್ಕಾರವೂ ಒಪ್ಪಿತ್ತು. ಆದರೆ ಸಾಕ್ಷ್ಯ ಇಷ್ಟು ಬಲವಾಗಿರುವಾಗ ವಿಚಾರಣೆಗೆ ಹೋಗಿದ್ದರೂ ಸೋಲುತ್ತಿದ್ದ, ಹಾಗಾಗಿ ನಷ್ಟವೇನೂ ಆಗಿಲ್ಲ ಎಂಬುದು ಅದರ ವಾದ. 2017ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6-2 ಮತಗಳಿಂದ ಇದನ್ನು ತಳ್ಳಿಹಾಕಿತು. ಬರೆದವರು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್. ಗೆಲ್ಲುವ ಸಾಧ್ಯತೆ ಎಷ್ಟಿತ್ತು ಎಂಬುದಷ್ಟೇ ಮುಖ್ಯವಲ್ಲ, ಸತ್ಯ ಗೊತ್ತಿದ್ದರೆ ಅವನು ಏನು ಆರಿಸಿಕೊಳ್ಳುತ್ತಿದ್ದ ಎಂಬುದನ್ನು ನೋಡಬೇಕು ಎಂದರು. ಇಡೀ ಬದುಕು ಇಲ್ಲೇ ಇರುವವನಿಗೆ ಇನ್ನೂ ಒಂದೆರಡು ವರ್ಷ ಜೈಲಿಗಿಂತ ಗಡೀಪಾರೇ ದೊಡ್ಡದು. ಈ ಮಾತನ್ನು ಒಂದು ದೊಡ್ಡ ಕೋರ್ಟ್ ಅರ್ಥಮಾಡಿಕೊಂಡಿತಲ್ಲ, ಅದು ನನಗೆ ದೊಡ್ಡ ಸಮಾಧಾನ.

ಆದರೂ ಅರ್ಜಿ ಗೆದ್ದರೆ ಬಿಡುಗಡೆ ಎಂದುಕೊಳ್ಳಬೇಡಿ. ತಪ್ಪೊಪ್ಪಿಗೆ ರದ್ದಾದರೂ ಆರೋಪ ಹಾಗೇ ಉಳಿಯುತ್ತದೆ. ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವ ನಮ್ಮವರು ಯಾರಾದರೂ ಇಂಥ ಕೇಸಿನಲ್ಲಿ ಸಿಕ್ಕಿಬಿದ್ದರೆ, ತಪ್ಪೊಪ್ಪಿಗೆಗೆ ಸಹಿ ಹಾಕುವ ಮೊದಲು ಇಮಿಗ್ರೇಷನ್ ವಕೀಲರನ್ನು ಬೇರೆಯಾಗಿ ಕಾಣಿ. ಕೋರ್ಟಿನಲ್ಲಿ ಅರ್ಥವಾಗದಿದ್ದರೆ ಜಡ್ಜ್‌ಗೇ ಹೇಳಿ, ಸಮಯ ಕೇಳಿ.