ಕರೆಂಟಿಲ್ಲದ ನಾಲ್ಕನೇ ದಿನ

ಆಶ್ಲೇಷ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಕರೆಂಟು ಮೊದಲ ರಾತ್ರಿಯೇ ಹೋಗಿತ್ತು, ಮಾರನೇ ಸಂಜೆ ಟವರೂ ಸತ್ತು ಮೊಬೈಲು ಸುಮ್ಮನಾಗಿತ್ತು. ಬಾಳೆಹೊನ್ನೂರಿನ ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಮಧ್ಯಾಹ್ನ ಪಕ್ಕದ ತೋಟದ ಹುಡುಗ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಅಂಗಳಕ್ಕೆ ಬಂದ.

"ಅಕ್ಕ, ನಿಮ್ಮನೇಲಿ ನೆಟ್ ಇಲ್ದಿದ್ರೂ ಕಂಪ್ಯೂಟರಲ್ಲಿ ಎಲ್ಲ ಸಿಗುತ್ತಂತಲ್ಲ. ಬೋರ್ಡೋ ಮಾಡೋದು ಹೇಗೆ ಅಂತ ನೋಡ್ತೀರಾ?"

ಅವನ ತಂದೆ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಬೆಂಗಳೂರಿನ ಕೆಲಸ ಬಿಟ್ಟು ಬಂದವನು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿ ಹೊಡೆಯುವ ಔಷಧಿಯೇ ಬೋರ್ಡೋ. ಮೊದಲ ಔಷಧಿಯನ್ನು ಗುತ್ತಿಗೆಯವರು ಹೊಡೆದಿದ್ದರು, ಎರಡನೆಯದಕ್ಕೆ ಅವರು ಬಂದಿಲ್ಲ. ಅಡಿಕೆ ಗೊನೆಯಿಂದ ಕೊಳೆತ ಕಾಯಿ ಉದುರಲು ಶುರುವಾಗಿತ್ತು.

ನೆಟ್ ಇಲ್ಲದೆಯೂ ಓದಬಹುದಾದ ಈ ಮಾಹಿತಿ ಭಂಡಾರ ಕಟ್ಟಲು ನನಗೆ ಕಾರಣ 2019ರ ಆಗಸ್ಟ್. ರಸ್ತೆ, ಫೋನು ಎರಡೂ ಇಲ್ಲದಾಗ ಅಮ್ಮನಿಗೆ ವಾಂತಿಭೇದಿ ಹಿಡಿಯಿತು. ಲೀಟರ್ ನೀರಿಗೆ ಸಕ್ಕರೆ ಎಷ್ಟು, ಉಪ್ಪು ಎಷ್ಟು ಎಂಬುದು ಯಾರಿಗೂ ಖಚಿತವಾಗಿ ನೆನಪಿರಲಿಲ್ಲ. ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಷ್ಟು ಸಣ್ಣ ವಿಷಯಕ್ಕೆ ಆ ರಾತ್ರಿ ಪಟ್ಟ ಸಂಕಟ ನಾನು ಮರೆತಿಲ್ಲ.

ಹೋದ ಬೇಸಿಗೆಯಲ್ಲಿ ಚಿಕ್ಕಮಗಳೂರಿನ ತಮ್ಮನ ಮನೆಯಲ್ಲಿ ಕೂತು ಇಳಿಸಿಕೊಂಡೆ. ಕಿವಿಕ್ಸ್ ಎಂಬ ಉಚಿತ ತಂತ್ರಾಂಶವಿದೆ, ಅದರಲ್ಲಿ ನೆಟ್ ಇಲ್ಲದೆ ವಿಕಿಪೀಡಿಯ ಓದಬಹುದು, ಹುಡುಕಲೂಬಹುದು. ಚಿತ್ರಸಮೇತ ಇಡೀ ಇಂಗ್ಲಿಷ್ ವಿಕಿಪೀಡಿಯ ಒಂದೇ ಫೈಲು, ಸುಮಾರು 100 ಜಿಬಿ. ಅವರ ಮನೆಯ 40 ಎಂಬಿಪಿಎಸ್ ಲೈನಿನಲ್ಲಿ ಆರು ಗಂಟೆ ಹಿಡಿಯಿತು. ಹಾರ್ಡ್ ಡಿಸ್ಕಿಗೆ ಹಾಕಲು ಹೋದರೆ ಹಿಡಿಸುವುದಿಲ್ಲ ಎಂದಿತು. ಜಾಗ 2 ಟಿಬಿ ಇತ್ತು, ಆದರೆ ಡಿಸ್ಕ್ ಹಳೇ ಫ್ಯಾಟ್32 ಮಾದರಿಯದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ. ದೊಡ್ಡ ಫೈಲು ಹಿಡಿಸುವ ಎಕ್ಸ್‌ಫ್ಯಾಟ್ ಮಾದರಿಗೆ ಬದಲಿಸಿ ಮತ್ತೆ ಹಾಕಿದೆ. ಕನ್ನಡ ವಿಕಿಪೀಡಿಯ, ವಿಕಿಸೋರ್ಸ್, ಓಪನ್‌ಸ್ಟ್ರೀಟ್‌ಮ್ಯಾಪಿನ ನಕಾಶೆ, ಒಂದಷ್ಟು ವೈದ್ಯಕೀಯ ಪುಸ್ತಕಗಳನ್ನೂ ತುಂಬಿಸಿದೆ. ಒಂದು ಪ್ರತಿ ತಮ್ಮನ ಮನೆಯಲ್ಲೇ ಬಿಟ್ಟೆ. ಇಲ್ಲಿಯದು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಸ್ಟೀಲ್ ಡಬ್ಬಿಯಲ್ಲಿದೆ. ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಡಿಸ್ಕನ್ನು ನಂಬಿ ಹೊರಗಿಡುವುದು ಹೇಗೆ?

ಇನ್ವರ್ಟರಿನಲ್ಲಿ ಉಳಿದಿದ್ದ ಚಾರ್ಜಿನಲ್ಲಿ ಲ್ಯಾಪ್‌ಟಾಪ್ ಹಚ್ಚಿ ಹುಡುಕಿದೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟ ಬಂತು. ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಬದಿಯ ಬಳ್ಳಿಗೆ ಮೈಲುತುತ್ತ ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ರೋಗ ಬಾರದ್ದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದನ್ನು ಪ್ರಕಟಿಸಿದ. ಹುಡುಗ ಆಸಕ್ತಿಯಿಂದಲೇ ಕೇಳಿದ. ಆದರೆ ಅವನಿಗೆ ಬೇಕಿದ್ದದ್ದು ನಾಳೆ ಬೆಳಿಗ್ಗೆ ಡ್ರಮ್ಮಿನ ಮುಂದೆ ನಿಂತು ಏನು ಮಾಡಬೇಕೆಂಬುದು.

ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅಪ್ಪಯ್ಯ ಅಲ್ಲಿಂದಲೇ ಮಾತಾಡಿದರು. "ನೂರು ಲೀಟರಿಗೆ ಒಂದು ಕೇಜಿ ತುತ್ತ, ಒಂದು ಕೇಜಿ ಸುಣ್ಣ. ಬೇರೆ ಬೇರೆ ಕರಗಿಸು. ಕಬ್ಬಿಣದ ಪಾತ್ರೆ ಬೇಡ. ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನ ತುತ್ತಕ್ಕೆ ಹೊಯ್ದ್ಯೋ ಕೆಟ್ಟಿತು. ಆಮೇಲೆ ಉಜ್ಜಿದ ಕತ್ತಿ ಅದ್ದಿ ನೋಡು. ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು. ಮಾಡಿದ್ದನ್ನ ಅವತ್ತೇ ಹೊಡೆದು ಮುಗಿಸು."

ನಾನು ಫೋನಿನ ರೆಕಾರ್ಡರ್ ಒತ್ತಿ ಅವರ ಮುಂದಿಟ್ಟೆ. "ಅಪ್ಪಯ್ಯ, ಇನ್ನೊಂದ್ಸಲ ಮೊದಲಿಂದ ಹೇಳಿ."

ಹೇಳಿದರು, ಮೊದಲಿಗಿಂತ ಹೆಚ್ಚೇ. ಅಡಿಕೆ ಕೊಳೆಗೆ ಬೋರ್ಡೋ ಹಿಡಿಸಿದ ಕೋಲ್ಮನ್ ಸಾಹೇಬರ ವಿಷಯವೂ ಬಂತು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು. 1925ರಲ್ಲಿ ನಮ್ಮ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದೂ ಅವರ ಕಾಲದಲ್ಲೇ. ಅಜ್ಜ ದಿನವೂ ಬರೆದಿಡುತ್ತಿದ್ದ ಮಳೆ ಲೆಕ್ಕದ ಪುಸ್ತಕ ಅಟ್ಟದ ಮೇಲಿದೆ ಎಂಬುದೂ ನನಗೆ ಆಗಲೇ ಗೊತ್ತಾದದ್ದು. ಒಲೆಯ ಹೊಗೆ ತಾಗಿ ಹುಳ ಹಿಡಿಯದೆ ಉಳಿದಿತ್ತು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನಕ್ಕೆಲ್ಲ ಕೆಂಪು ಶಾಯಿ, ಲೆಕ್ಕವೆಲ್ಲ ಇಂಚು ಸೆಂಟಿನಲ್ಲಿ, ಸೆಂಟೆಂದರೆ ಇಂಚಿನ ನೂರರಲ್ಲೊಂದು ಭಾಗ. ಸಂಜೆ ಬೆಳಕಿರುವವರೆಗೆ ಪುಟಪುಟವಾಗಿ ಫೋಟೋ ತೆಗೆದೆ. 100 ಜಿಬಿಯಲ್ಲಿ ಇದರ ಒಂದು ಸಾಲೂ ಇರಲಿಲ್ಲ. ನಾನು ಇಷ್ಟು ದಿನ ಇಳಿಸಿಕೊಂಡೇ ಕೂತಿದ್ದೆ, ಮನೆಯಿಂದ ಏನನ್ನೂ ಏರಿಸಿರಲಿಲ್ಲ. ಹುಡುಗನ ತಂದೆಗೂ ಇದೆಲ್ಲ ಗೊತ್ತಿತ್ತು. ಅವರನ್ನು ಯಾರೂ ಕೇಳಿ ಇಟ್ಟುಕೊಂಡಿರಲಿಲ್ಲ.

ಮಾರನೇ ದಿನ ಮಳೆ ಹೊಳವಾಯಿತು. ಹುಡುಗನ ತೋಟದಿಂದ ಪಂಪಿನ ಸದ್ದು ಕೇಳುತ್ತಿತ್ತು. ಕಾಫಿ ಲೋಟ ಹಿಡಿದು ಅಪ್ಪಯ್ಯ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಮಗಾ, ಆ ಫೋನು ತಗಾ. ಸುಣ್ಣ ಹಳೇದಾಗಿದ್ರೆ ಏನು ಮಾಡ್ಬೇಕು ಅಂತ ನಿನ್ನೆ ಹೇಳೋದು ಬಿಟ್ಟೋಯ್ತು."